ಓರೆ ರೆಕ್ಕೆ

ಮೋಕ್ಷಿತಾ ಕಳಿಸಿದ ಸಂದೇಶದಲ್ಲಿ ಒಂದೇ ಒಂದು ಒರಟು ಮಾತಿರಲಿಲ್ಲ. ಗಣೇಶಪ್ರಸಾದನಿಗೆ ಸಹಿಸಲಾಗದೆ ಹೋದದ್ದು ಅದೇ. ‘ಸರ್, ತಪ್ಪು ತಿಳಿಯಬಾರದು, ಪುರುಸೊತ್ತಾದಾಗ ಈ ಫೋಟೋ ಒಮ್ಮೆ ನೋಡ್ತೀರಾ’ ಎಂದು ಬರೆದು, ಕೆಳಗೆ ಕೈಮುಗಿದ ಗುರುತು ಹಾಕಿದ್ದಳು. ತಪ್ಪು ತಿಳಿಯಬಾರದು ಎಂದು ಯಾರಾದರೂ ಮಾತು ಶುರುಮಾಡಿದರೆ ತಪ್ಪು ತನ್ನ ಕಡೆಗೇ ಬರುತ್ತಿದೆ ಎಂಬುದು ಇಡೀ ಆಯುಷ್ಯ ಮಾಷ್ಟ್ರಾಗಿ ಕಳೆದವನಿಗೆ ತಿಳಿಯದೆ ಇರುತ್ತದೆಯೇ. ಎಂಟನೇ ಕ್ಲಾಸಿನಲ್ಲಿ ಇವನ ಜೀವಶಾಸ್ತ್ರದ ಪಾಠಕ್ಕೆ ಮುಂದಿನ ಬೆಂಚಿನಲ್ಲಿ ಕೂತು, ಕಪ್ಪೆಯ ಹೃದಯಕ್ಕೆ ಕೋಣೆ ಎಷ್ಟು ಎಂದರೆ ಎದ್ದು ನಿಂತು ನಾಚಿ ಬೆರಳು ತೋರಿಸುತ್ತಿದ್ದ ಹುಡುಗಿ ಅವಳು. ಈಗ ಕಾಸರಗೋಡಿನ ಕಾಲೇಜಿನಲ್ಲಿ ಚಿಟ್ಟೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ, ಜಿಲ್ಲೆಯ ಚಿಟ್ಟೆ ಬಳಗದ ದಾಖಲೆಗಳನ್ನೆಲ್ಲ ನೋಡಿಕೊಳ್ಳುತ್ತಾಳೆ. ಅವನು ಫೋಟೋ ತೆರೆದ. ಅಭ್ಯಾಸದಂತೆ ಎರಡು ಬೆರಳಿನಲ್ಲಿ ಹಿಗ್ಗಿಸಿದ, ರೆಕ್ಕೆ ಪರದೆಯನ್ನೆಲ್ಲ ತುಂಬುವ ತನಕ. ತುಂಬಿದ ಮೇಲೆ ಮನಸ್ಸಿನಲ್ಲಿ ಗೆರೆ ಎಳೆದ. ಗೆರೆ ಹೋಗಬಾರದ ಕಡೆ ಹೋಯಿತು.

ಚಿಟ್ಟೆ ಎಂದರೆ ಲೋಕಕ್ಕೆ ಬಣ್ಣ. ಇವನು ಮರುಳಾದ ಚಿಟ್ಟೆಗಳಿಗೆ ಅದೂ ಇಲ್ಲ. ಹೆಬ್ಬೆರಳ ಉಗುರಿನಷ್ಟು ರೆಕ್ಕೆ, ದಪ್ಪ ತಲೆ, ಮಣ್ಣಿನಂಥ ಕಂದು ಮೈ. ಹಾರುವುದೆಂದರೆ ಹುಲ್ಲಿನಿಂದ ಹುಲ್ಲಿಗೆ ಯಾರೋ ಚಿಮ್ಮಿಸಿದಂತೆ ಜಿಗಿಯುವುದು. ಇಂಗ್ಲಿಷಿನವರು ಸ್ಕಿಪ್ಪರ್ ಎಂದರು. ಬಳಗದ ದೊಡ್ಡ ದೊಡ್ಡ ಕ್ಯಾಮೆರಾದವರು ಕೂಡ ಇವುಗಳ ಫೋಟೋ ತೆಗೆದು ‘ಯಾವುದೋ ಸ್ವಿಫ್ಟ್, ಮಾಷ್ಟ್ರು ಹೇಳಲಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಮಾಷ್ಟ್ರು ಹೇಳುತ್ತಾರೆ. ಗದ್ದೆಬದಿಯ ರೈಸ್ ಸ್ವಿಫ್ಟಿಗೆ ಹಿಂದಿನ ರೆಕ್ಕೆಯ ಅಡಿಯಲ್ಲಿ ನಡುಕೋಣೆಯ ಚುಕ್ಕೆ ಇರುವುದಿಲ್ಲ, ಬ್ರಾಂಡೆಡ್ ಸ್ವಿಫ್ಟಿಗೆ ಇರುತ್ತದೆ. ಬ್ರಾಂಡೆಡ್ ಎಂದರೆ ಮುದ್ರೆಯುಳ್ಳದ್ದು: ಗಂಡಿನ ಮುಂದಿನ ರೆಕ್ಕೆಯ ಮೇಲ್ಬದಿಯಲ್ಲಿ ಬೂದು ಬಣ್ಣದ ಒಂದು ಸಣ್ಣ ಗೀಟು. ಅದರ ಮೇಲೆ ಎರಡು ಬಿಳಿ ಚುಕ್ಕೆ. ಆ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದು ಕೆಳಗಿಳಿಸಬೇಕು. ಗೆರೆ ಮುದ್ರೆಯನ್ನು ಕಡಿದರೆ ಅದು ಸ್ಮಾಲ್ ಬ್ರಾಂಡೆಡ್ ಸ್ವಿಫ್ಟ್, ಬೇಲಿ ಬೇಲಿಯಲ್ಲಿ ಸಿಗುವಂಥದ್ದು. ಮುದ್ರೆಯ ತುದಿಗೆ ತಾಗದೆ ಆಚೆ ಜಾರಿದರೆ ಅಬ್‌ಸ್ಕ್ಯೂರ್ ಬ್ರಾಂಡೆಡ್ ಸ್ವಿಫ್ಟ್, ಕಂಡವರು ಕಡಿಮೆ. ಹೆಣ್ಣಿಗೆ ಮುದ್ರೆಯೇ ಇಲ್ಲ. ಹೆಣ್ಣಿನ ಫೋಟೋ ಬಂದರೆ ‘ಹೇಳಲು ಬಾರದು’ ಎಂದು ಬರೆದುಬಿಡುವುದು ಅವನ ಕ್ರಮ. ಎಲ್ಲಕ್ಕಿಂತ ಮುಖ್ಯ, ಗೆರೆ ಎಳೆಯಬೇಕಾದರೆ ರೆಕ್ಕೆ ಚಪ್ಪಟೆಯಾಗಿ ಬಿಚ್ಚಿರಬೇಕು. ಈ ಚಿಟ್ಟೆಗಳು ಹಿಂದಿನ ರೆಕ್ಕೆ ಮಲಗಿಸಿ ಮುಂದಿನದನ್ನು ಅರ್ಧ ಎತ್ತಿ ಕೂರುತ್ತವೆ. ಬದಿಯಿಂದ ನೋಡಿದವನ ಕಣ್ಣಿಗೆ ಚುಕ್ಕೆ ಒಂದು ಕಡೆ, ಮುದ್ರೆ ಒಂದು ಕಡೆ ಸರಿದಂತೆ ಕಾಣುತ್ತದೆ. ‘ಓರೆ ರೆಕ್ಕೆಯ ಮೇಲೆ ಗೆರೆ ಎಳೆಯಬೇಡಿ’ ಎಂದು ಹೊಸಬರಿಗೆ ಹೇಳಿ ಹೇಳಿ ಬಳಗದಲ್ಲಿ ಅದು ಅವನ ತಮಾಷೆಯ ಹೆಸರೇ ಆಗಿಹೋಗಿದೆ. ಈಗ ಅವನದ್ದೇ ಹಳೆಯ ದಾಖಲೆ ಓರೆ ರೆಕ್ಕೆಯದ್ದು ಎಂದು ಅವನ ಶಿಷ್ಯೆ ಕೈಮುಗಿದು ಹೇಳುತ್ತಿದ್ದಾಳೆ.

‘ಎಂತದು ಅಷ್ಟು ನೋಡುವುದು? ದೋಸೆ ಎರಡನೇ ಸಲ ತಣಿಯಿತು,’ ಎಂದಳು ಸುಬ್ಬಲಕ್ಷ್ಮಿ, ಬಾಗಿಲಲ್ಲಿ ಸಟ್ಟುಗ ಹಿಡಿದುಕೊಂಡು. ಗಂಡನ ಚಿಟ್ಟೆಯ ಹುಚ್ಚಿಗೆ ಅವಳ ವಿರೋಧವಿಲ್ಲ. ಕುಡಿತಕ್ಕಿಂತ ಅಗ್ಗ ಎಂದು ನೆಂಟರ ಎದುರು ಹೇಳಿ ನಗಿಸುತ್ತಾಳೆ. ‘ಒಂದು ಹಳೆಯದು,’ ಎಂದ ಅವನು, ಮೊಬೈಲನ್ನು ಮಗುಚಿಟ್ಟು. ಮಗುಚಿಟ್ಟದ್ದು ಯಾಕೆ ಎಂದು ತನಗೇ ಸಿಟ್ಟು ಬಂತು. ಒಂದು ಚಿಟ್ಟೆಯ ಫೋಟೋ ಅದು. ಹೆಂಡತಿಯಿಂದ ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ. ಏನೂ ಇರಲಿಲ್ಲ, ಎಂದೂ ಇರಲಿಲ್ಲ, ಅದೇ ಅದರ ಕಷ್ಟ. ಏನಾದರೂ ಇದ್ದಿದ್ದರೆ ಎಂದೋ ಮುಗಿದುಹೋಗಿರುತ್ತಿತ್ತು ಎಂದುಕೊಂಡು ದೋಸೆ ಮುರಿದ. ಚಟ್ನಿಗೆ ಉಪ್ಪು ಜಾಸ್ತಿಯಾಯಿತಾ ಎಂದು ಅವಳು ಕೇಳಿದಳು; ಸರಿ ಉಂಟು ಎಂದ. ನಾಲಗೆಗೆ ರುಚಿಯೇ ಹತ್ತಿರಲಿಲ್ಲ.

ಜಿಲ್ಲೆಯ ಪಟ್ಟಿಯಲ್ಲಿ ಅಬ್‌ಸ್ಕ್ಯೂರ್ ಬ್ರಾಂಡೆಡ್ ಸ್ವಿಫ್ಟಿನ ಹಳೆಯ ದಾಖಲೆ ಒಂದೇ. ಜಾಗ, ಮೀಂಜದ ಪದವು, ಊರ ಮೇಲಿನ ಕಲ್ಲಿನ ಬಯಲು. ಕಂಡವರು, ಗಣೇಶಪ್ರಸಾದ ಮತ್ತು ಲೋಲಾಕ್ಷಿ. ಒಮ್ಮೊಮ್ಮೆ, ಮಧ್ಯಾಹ್ನ ಊಟವಾಗಿ ಮನೆ ತೂಕಡಿಸುವ ಹೊತ್ತಿಗೆ, ಅವನು ಆ ಪುಟ ತೆರೆದು ನೋಡುವುದುಂಟು. ಚಿಟ್ಟೆಯನ್ನಲ್ಲ. ಎರಡು ಹೆಸರು ಒಂದರ ಪಕ್ಕ ಒಂದು ಕೂತಿರುವುದನ್ನು. ಮದುವೆಯ ಕಾಗದದಲ್ಲಿ ಸುಬ್ಬಲಕ್ಷ್ಮಿಯ ಹೆಸರಿದೆ, ರೇಷನ್ ಕಾರ್ಡಿನಲ್ಲಿದೆ, ಮನೆಯ ತೆರಿಗೆಯಲ್ಲಿದೆ. ಲೋಲಾಕ್ಷಿಯ ಹೆಸರು ಅವನ ಹೆಸರಿನ ಜೊತೆ ಇರುವ ಒಂದೇ ಜಾಗ ಜಗತ್ತಿನಲ್ಲಿ ಆ ಸಾಲು. ಅದು ಹೋಗುತ್ತದೆ ಎಂದುಕೊಂಡು ಅವನು ಮತ್ತೆ ಆ ಪುಟ ತೆರೆದ. ಅರುವತ್ತು ದಾಟಿದ ಮನುಷ್ಯ, ನಾಚಿಕೆಯಾಗಬೇಕು ಎಂದು ಬೈದುಕೊಂಡ. ನಾಚಿಕೆಯೂ ಆಯಿತು, ಪುಟವನ್ನೂ ಮುಚ್ಚಲಿಲ್ಲ.

ಲೋಲಾಕ್ಷಿ ಅವನ ಶಾಲೆಯ ಡ್ರಾಯಿಂಗ್ ಟೀಚರ್. ಗಂಡ ವಾಸಪ್ಪ ಆಗ ಗಲ್ಫಿನಲ್ಲಿದ್ದ. ಶಾಲೆಯ ಪರಿಸರ ಕೂಟಕ್ಕೆ ಯಾರೋ ದಾನ ಕೊಟ್ಟ ಕ್ಯಾಮೆರಾ ಬಂದಾಗ, ಚಿಟ್ಟೆಯ ಚಾರ್ಟು ಮಾಡುವಾ, ನೀವು ಬಿಡಿಸಿ ಎಂದು ಇವನೇ ಕರೆದದ್ದು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಬುತ್ತಿ ಹಿಡಿದುಕೊಂಡು ಪದವು ಹತ್ತುವುದು. ಮಳೆಗಾಲ ಕಳೆದ ಪದವೆಂದರೆ ಅದೊಂದು ಬೇರೆಯೇ ಲೋಕ: ಕೆಂಪು ಮುರಕಲ್ಲಿನ ಮೇಲೆ ಬೆರಳೆತ್ತರದ ಹುಲ್ಲು, ಹೊಂಡಗಳಲ್ಲಿ ಇನ್ನೂ ಇಂಗದ ನೀರು, ಅದರ ಸುತ್ತ ನೀಲಿ ಹೂವಿನ ಹಾಸು. ಕೆಳಗಿನ ಗದ್ದೆಯಿಂದ ಭತ್ತದ ಹಾಲಿನ ವಾಸನೆ ಮೇಲೆ ಬರುತ್ತಿತ್ತು. ಈಗ ಅರ್ಧ ಪದವು ಕಲ್ಲಿನ ಕೋರೆಯಾಗಿದೆ, ಯಂತ್ರ ಕೊಯ್ದ ಕೆಂಪು ಗೋಡೆಗಳು. ಅವಳಿಗೆ ಮೊದಲ ದಿನ ಇವನು ತೋರಿಸಿದ ಸ್ಕಿಪ್ಪರುಗಳನ್ನು ನೋಡಿ ನಗು ತಡೆಯಲಾಗಲಿಲ್ಲ. ‘ಇದೆಂತ ಮಾಷ್ಟ್ರೆ, ಎಲ್ಲ ಒಂದೇ ಬಣ್ಣ, ಎಲ್ಲಕ್ಕೂ ಗಡಿಬಿಡಿ. ಆಫೀಸಿನ ಗುಮಾಸ್ತರ ಹಾಗೆ ಉಂಟು.’ ಆಮೇಲೆ ಅವು ಗುಮಾಸ್ತರೇ ಆದವು. ಗದ್ದೆಯ ಗುಮಾಸ್ತ, ಮುದ್ರೆಯ ಗುಮಾಸ್ತ. ಆದರೆ ಬಿಡಿಸಲು ಕೂತಾಗ ಅವಳೇ ಬೆರಗಾದಳು. ಕಂದು ಅಂದರೆ ಒಂದು ಬಣ್ಣ ಅಲ್ಲ ಮಾರಾಯ್ರೆ, ಇದರಲ್ಲಿ ಹಸಿರು ಉಂಟು, ಇದರಲ್ಲಿ ತಾಮ್ರ ಉಂಟು, ಎಂದು ಹಾಲಿಲ್ಲದ ಚಹಾದಲ್ಲಿ ಬ್ರಷ್ಷು ಅದ್ದಿ ಅದ್ದಿ ಕಾಗದದ ಮೇಲೆ ಬಣ್ಣ ಇಳಿಸಿದಳು. ಅಲ್ಲಿಯವರೆಗೆ ಇವನು ಚುಕ್ಕೆ ಎಣಿಸುತ್ತಿದ್ದನೇ ಹೊರತು ಕಂದು ಬಣ್ಣವನ್ನು ನೋಡಿಯೇ ಇರಲಿಲ್ಲ.

ಮೀಂಜದಿಂದ ಬಸ್ಸು ಹತ್ತಿದಾಗ ಒಳ್ಳೆ ಬಿಸಿಲೇರಿತ್ತು. ಸುಬ್ಬಲಕ್ಷ್ಮಿಗೆ ಹೇಳಿದ್ದು, ಮಂಜೇಶ್ವರದಲ್ಲಿ ಒಂದು ಕೆಲಸ ಉಂಟು ಎಂದು. ಸುಳ್ಳಲ್ಲ, ಲೋಲಾಕ್ಷಿಯ ಮನೆ ಈಗ ಅಲ್ಲಿ. ಇಬ್ಬರ ಹೆಸರಿನ ದಾಖಲೆ ತಿದ್ದಬೇಕಾದರೆ ಇಬ್ಬರೂ ಒಪ್ಪಬೇಕು ಎಂಬುದು ಬಳಗದ ನಿಯಮ. ಆ ನಿಯಮ ಬರೆದವನೂ ತಾನೇ. ಅದಕ್ಕೆ ಫೋನು ಸಾಕು ಎಂದು ಯಾರಾದರೂ ಹೇಳಬಹುದಿತ್ತು, ಅದಕ್ಕೇ ಯಾರನ್ನೂ ಕೇಳಲಿಲ್ಲ. ಕಿಟಕಿಯ ಬದಿಯಲ್ಲಿ ಕೂತು, ಏನು ಹೇಳಬೇಕೆಂದು ಮಾತು ಜೋಡಿಸಿದ. ‘ಟೀಚರ್, ನಮ್ಮ ಚಿಟ್ಟೆ ತಪ್ಪಂತೆ.’ ಅವಳು ಮುಖ ಸಣ್ಣದು ಮಾಡಿ, ಇರಲಿ ಬಿಡಿ ಮಾಷ್ಟ್ರೆ, ಅದನ್ನು ಹಾಗೇ ಬಿಡಿ, ಅನ್ನಬೇಕು. ಹಾಗಂದರೆ ಮೋಕ್ಷಿತಾಳಿಗೆ ಏನು ಬೇಕಾದರೂ ಬರೆಯಬಲ್ಲ. ಇನ್ನಷ್ಟು ಪರಿಶೀಲನೆ ಬೇಕು, ಸದ್ಯ ಹಾಗೇ ಇರಲಿ ಎಂದು ಬರೆದರೆ ಹುಡುಗಿ ಮರುಮಾತಾಡುವವಳಲ್ಲ. ವಿಜ್ಞಾನದ ಮಾಷ್ಟ್ರ ಯೋಚನೆ ನೋಡು ಎಂದು ಅವನೊಳಗಿನ ಇನ್ನೊಬ್ಬ ಹಲ್ಲುಕಿರಿದ. ಅವನಿಗೆ ಬೇಕಾದದ್ದು ಚಿಟ್ಟೆಯ ಹೆಸರಲ್ಲ, ಅದು ಸಿಕ್ಕಿದ ದಿನ ಅವಳಿಗೂ ಒಂದು ದಿನವಾಗಿತ್ತು ಎಂಬ ಒಂದು ಮಾತು. ಅಷ್ಟಕ್ಕಾಗಿ ಇಷ್ಟು ದೂರ ಹೊರಟಿದ್ದೇನೆ ಎಂದು ಒಪ್ಪಿಕೊಂಡ ಮೇಲೆ ಸ್ವಲ್ಪ ಹಗುರವಾಯಿತು. ಕಂಡಕ್ಟರ್ ಮಲಯಾಳದಲ್ಲಿ ಚಿಲ್ಲರೆ ಕೇಳಿದ, ಇವನು ಕನ್ನಡದಲ್ಲಿ ಇಲ್ಲ ಎಂದ, ಮುಂದಿನ ಸೀಟಿನ ಹೆಂಗಸು ತುಳುವಿನಲ್ಲಿ ತನ್ನ ಹತ್ತಿರ ಇದೆ ಎಂದು ಕೊಟ್ಟಳು.

ಆ ಶನಿವಾರ ಪದವಿನಲ್ಲಿ ಚಿಟ್ಟೆಯನ್ನು ಅವಳೇ ಮೊದಲು ಕಂಡದ್ದು. ನೀರು ಬತ್ತುತ್ತಿದ್ದ ಹೊಂಡದ ಅಂಚಿನಲ್ಲಿ, ಒಂದು ಹುಲ್ಲಿನ ತುದಿಯಲ್ಲಿ. ಬೆರಳು ತೋರಿಸಿದಳು. ಅವನು ಕಲ್ಲಿನ ಮೇಲೆ ಹೊಟ್ಟೆ ಅಡಿಮಾಡಿ ಮಲಗಿ, ಮೊಣಕೈಯಲ್ಲಿ ತೆವಳಿ ಹತ್ತಿರ ಹೋದ. ಬಿಸಿಲು ಅಂದರೆ ಬಿಸಿಲು, ಬೆನ್ನು ಸುಡುತ್ತಿತ್ತು. ಅವಳು ಹೊಂಡದ ಆ ಬದಿಯಲ್ಲಿ ನಿಂತೇ ಇದ್ದಳು, ಒಂದು ಮಾತಿಲ್ಲ, ಒಂದು ಚಲನೆಯಿಲ್ಲ. ಗಾಳಿ ಕೂಡ ನಿಂತಿತ್ತು. ಬದುಕಿನಲ್ಲಿ ಅಷ್ಟು ತುಂಬಿದ ಮೌನವನ್ನು ಅವನು ಇನ್ನೊಬ್ಬರ ಜೊತೆ ಹಂಚಿಕೊಂಡದ್ದಿಲ್ಲ. ದೇವರ ಕೋಣೆಯಲ್ಲಿಯೂ ಇಲ್ಲ. ರೆಕ್ಕೆ ಬಿಚ್ಚಿತು, ಮುದ್ರೆ ಕಂಡಿತು, ಕ್ಯಾಮೆರಾ ಒತ್ತಿದ, ಮತ್ತೆ ಒತ್ತಿದ. ಗೆರೆ ಮುದ್ರೆಗೆ ತಾಗುತ್ತಿಲ್ಲ, ತಾಗುತ್ತಿಲ್ಲ ಎಂದು ಎದೆ ಹೊಡೆದುಕೊಂಡಿತು. ಚಿಟ್ಟೆ ಹಾರಿದ ಮೇಲೆ ಎದ್ದು, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳ ಎರಡೂ ಕೈ ಹಿಡಿದುಕೊಂಡ. ‘ಸಿಕ್ಕಿತು ಟೀಚರ್!’ ಎಂದ. ಎಷ್ಟು ಹೊತ್ತು ಹಿಡಿದಿದ್ದ? ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು. ಅವಳ ಮುಖ ಬಿಗಿಯಿತು. ಅದು ಅವನಿಗೆ ಕಂಡಿತು. ಕೈ ಬಿಟ್ಟ. ಇಳಿಯುವಾಗ ಅವಳು ಹಿಂದೆ, ಇವನು ಮುಂದೆ. ಅವಳು ಬಹಳ ಹಿಂದೆ ಉಳಿದಳು, ಕರೆದರೆ ‘ಬಂದೆ, ನೀವು ಹೋಗಿ’ ಎಂದಳಷ್ಟೆ. ಆಮೇಲಿನ ವಾರವಿಡೀ ಶಾಲೆಗೆ ಬರಲಿಲ್ಲ. ಜ್ವರ ಎಂದು ರಜೆ ಬರೆದಿದ್ದಳು. ಯಾವ ಜ್ವರ ಎಂದು ಇವನಿಗೆ ಮಾತ್ರ ಗೊತ್ತಿತ್ತು. ಗಂಡ ದೂರದಲ್ಲಿರುವ ಹೆಂಗಸು, ಮದುವೆಯಾದ ಮಾಷ್ಟ್ರು, ನಿರ್ಜನ ಪದವು. ಆ ವಾರ ಅವನು ಸ್ಟಾಫ್ ರೂಮಿನಲ್ಲಿ ಯಾರಾದರೂ ನಕ್ಕರೆ ಬೆವರುತ್ತಿದ್ದ. ಅವಳು ಮರಳಿ ಬಂದಾಗ ‘ಹುಷಾರಾ’ ಎಂದು ದೂರದಿಂದ ಕೇಳಿದ, ಅವಳು ಹೂಂ ಎಂದಳು. ಶನಿವಾರ ಒಬ್ಬನೇ ಪದವು ಹತ್ತಿದ. ಅದರ ನಂತರದ ಶನಿವಾರವೂ. ಅವಳ ಮಾನಕ್ಕೆ ತಾನು ಕೊಡಬಹುದಾದ ಒಂದೇ ಮರ್ಯಾದೆ ಅದು ಎಂದು ನಂಬಿದ್ದ. ಚಾರ್ಟಿಗೆ ಬೇಕಾದ ಉಳಿದ ಚಿತ್ರಗಳನ್ನು ಫೋಟೋ ನೋಡಿ ಬಿಡಿಸಿ ಎಂದು ಅಟೆಂಡರ್ ಕೈಯಲ್ಲಿ ಕಳಿಸಿದ. ಆಮೇಲೆ ಅವಳಿಗೆ ವರ್ಗವಾಯಿತು.

ಹೈವೇ ಆರು ಸಾಲಾದ ಮೇಲೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದು ಡ್ರೈವರನ ಮರ್ಜಿ. ಇಳಿದು, ಕಾಂಕ್ರೀಟಿನ ಗೋಡೆಯ ಬದಿಯಲ್ಲೇ ನಡೆದು, ಹೈವೇಯ ಅಡಿಯಿಂದ ದಾಟಿ ರೈಲ್ವೆ ಸ್ಟೇಷನ್ನಿನ ಕಡೆಗೆ ತಿರುಗುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಹೇಗಿರಬಹುದು ಎಂದು ಕಲ್ಪಿಸಿದ. ತೆಳ್ಳಗೆ, ಬಿಳಿಕೂದಲು, ಕಿಟಕಿಯ ಬಳಿ. ಕಲ್ಪಿಸುವುದರಲ್ಲಿಯೂ ಒಂದು ಸುಖವಿತ್ತು. ಗೇಟು ತೆರೆದದ್ದು ವಾಸಪ್ಪ, ಗಲ್ಫಿನಿಂದ ಬಂದು ನೆಲೆನಿಂತ ಗಂಡ, ಬನಿಯನ್ನಿನಲ್ಲಿ, ಕೈಯಲ್ಲಿ ನೀರಿನ ಪೈಪು. ‘ಓ, ಮಾಷ್ಟ್ರು! ಬನ್ನಿ ಬನ್ನಿ. ಎಷ್ಟು ಕಾಲ ಆಯ್ತು ಮಾರಾಯ್ರೆ! ಇವಳೇ, ನಿನ್ನ ಚಿಟ್ಟೆ ಮಾಷ್ಟ್ರು ಬಂದ್ರು ನೋಡು!’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಈ ಮನುಷ್ಯನ ಹೆದರಿಕೆಯಲ್ಲಿ ಒಂದು ಇಡೀ ವರ್ಷ ನಿದ್ದೆ ಕಳೆದುಕೊಂಡಿದ್ದೆನಲ್ಲ ಎಂದು ಗಣೇಶಪ್ರಸಾದ ಅವನ ಒದ್ದೆ ಕೈ ಕುಲುಕಿದ. ಒಳಗೆ ಹಜಾರದಲ್ಲಿ ಮಕ್ಕಳ ಚಿತ್ರಗಳು ಗೋಡೆ ತುಂಬ. ಭಾನುವಾರದ ಕ್ಲಾಸು ಈಗಷ್ಟೇ ಬಿಟ್ಟಿದ್ದಂತೆ, ನೆಲದಲ್ಲಿ ಬಣ್ಣದ ತಟ್ಟೆಗಳು. ಲೋಲಾಕ್ಷಿ ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ದಪ್ಪವಾಗಿದ್ದಳು, ಕೂದಲಿಗೆ ಕಪ್ಪು ಬಳಿದಿದ್ದಳು, ಧ್ವನಿ ಮೊದಲಿಗಿಂತ ದೊಡ್ಡದು. ‘ಕೂತ್ಕೊಳ್ಳಿ ಮಾಷ್ಟ್ರೆ. ಸುಬ್ಬಲಕ್ಷ್ಮಿಯವರು ಹೇಗಿದ್ದಾರೆ? ಕರ್ಕೊಂಡು ಬರ್ಲಿಕ್ಕೆ ಎಂತ ಆಗಿತ್ತು ನಿಮಗೆ?’ ಅವನು ಬಸ್ಸಿನಲ್ಲಿ ಜೋಡಿಸಿದ್ದ ಮಾತೆಲ್ಲ ಚೆದುರಿಹೋಯಿತು.

ಹೇಗೋ ವಿಷಯ ಹೇಳಿದ. ಶಾಲೆಯ ಹಳೆಯ ಲ್ಯಾಬಿನ ಕಪಾಟು ಖಾಲಿಮಾಡುವಾಗ ಕ್ಯಾಮೆರಾದ ನೆಗೆಟಿವುಗಳು ಸಿಕ್ಕಿದ್ದು, ಮೋಕ್ಷಿತಾ ಅವನ್ನು ಸ್ಕ್ಯಾನ್ ಮಾಡಿಸಿದ್ದು, ನಾವು ಪಟ್ಟಿಗೆ ಕೊಟ್ಟ ಫೋಟೋದ ಮುಂದಿನದ್ದರಲ್ಲಿ ರೆಕ್ಕೆ ಚಪ್ಪಟೆಯಾಗಿ ಬಿಚ್ಚಿದ್ದು, ಅದರಲ್ಲಿ ಗೆರೆ ಎಳೆದರೆ ಮುದ್ರೆಯನ್ನು ನಡುವಲ್ಲೇ ಕಡಿಯುವುದು. ‘ಅಂದ್ರೆ ನಮ್ಮದು ಬೇಲಿಯಲ್ಲಿ ಸಿಗುವ ಗುಮಾಸ್ತನೇ,’ ಎಂದ. ಗುಮಾಸ್ತ ಎಂಬ ಮಾತಿಗೆ ಅವಳು ನಗಬೇಕೆಂದು ಕಾದ. ಅವಳು ನಕ್ಕಳು. ‘ಅಯ್ಯೋ, ಆ ಹೆಸರು ನಿಮಗೆ ಇನ್ನೂ ನೆನಪುಂಟಾ?’ ಎಂದಳು. ಆಮೇಲೆ, ಪ್ಲೇಟಿನಲ್ಲಿ ಬಾಳೆಕಾಯಿ ಚಿಪ್ಸು ಸುರಿಯುತ್ತ, ‘ತಪ್ಪಾದ್ರೆ ತೆಗೀರಿ ಮಾಷ್ಟ್ರೆ. ಅದಕ್ಕೆಂತ ಕೇಳುವುದು? ಹುಡುಗಿ ಸರಿಯಾಗಿ ನೋಡಿದ್ದಾಳಲ್ಲ, ಒಳ್ಳೇದಾಯ್ತು,’ ಎಂದುಬಿಟ್ಟಳು. ಅಷ್ಟೇ. ಅವನು ಚಿಪ್ಸು ಬಾಯಿಗೆ ಹಾಕಿಕೊಂಡ. ಅಗಿದ ಸದ್ದು ತನ್ನ ಕಿವಿಗೇ ದೊಡ್ಡದಾಗಿ ಕೇಳಿತು. ಇಷ್ಟು ವರ್ಷ ಮಧ್ಯಾಹ್ನದ ಹೊತ್ತು ತೆರೆದು ನೋಡುತ್ತಿದ್ದ ಆ ಸಾಲನ್ನು ಅವಳು ಮೇಜಿನ ಧೂಳು ಕೊಡಹಿದ ಹಾಗೆ ಕೊಡಹಿದ್ದಳು. ನೋವಾಯಿತು. ವಾಸಪ್ಪ ಹೊರಗೆ ನೀರು ಬಿಡುತ್ತ ಯಾವುದೋ ಪದ್ಯ ಗುನುಗುತ್ತಿದ್ದ.

‘ಎಲ್ಲಿ, ತೋರ್ಸಿ,’ ಎಂದು ಅವಳೇ ಮೊಬೈಲು ತೆಗೆದುಕೊಂಡಳು. ಕನ್ನಡಕ ಹಣೆಯಿಂದ ಇಳಿಸಿದಳು. ಫೋಟೋ ಅವನು ಬಿಟ್ಟಂತೆಯೇ ಹಿಗ್ಗಿತ್ತು, ಪರದೆ ತುಂಬ ರೆಕ್ಕೆ. ಅವಳು ಎರಡು ಬೆರಳಿನಲ್ಲಿ ಅದನ್ನು ಕುಗ್ಗಿಸಿದಳು, ಇಡೀ ಚಿತ್ರ ಕಾಣುವ ತನಕ. ‘ಹಸಿರು ಸ್ವಲ್ಪ ಹೆಚ್ಚು ಬಂದಿದೆ,’ ಎಂದಳು, ಡ್ರಾಯಿಂಗ್ ಟೀಚರಿನ ಗೊಣಗು. ಆಮೇಲೆ ಒಮ್ಮೆಲೇ, ‘ಓ ನೋಡಿ! ಇದು ನನ್ನ ಕಾಲು!’

ಅವನು ಬಗ್ಗಿ ನೋಡಿದ. ಹುಲ್ಲಿನ ಹಿಂದೆ, ಚಿತ್ರದ ಎಡ ಮೂಲೆಯಲ್ಲಿ, ಮಸುಕಾಗಿ, ಒಂದು ಪಾದ. ಐದು ಬೆರಳು, ಬೆಳ್ಳಿಯ ಕಾಲುಂಗುರ, ಅಡಿಯಲ್ಲಿ ಕೆಂಪು ಕಲ್ಲು. ಬೆಳಗಿನಿಂದ ಎಷ್ಟು ಸಲ ನೋಡಿದ್ದ ಆ ಚಿತ್ರವನ್ನು.

‘ಬರಿಗಾಲು,’ ಎಂದ.

‘ಹೌದಲ್ಲ! ಹತ್ತುವಾಗಲೇ ಚಪ್ಪಲಿ ಬಾರು ಕಡ್ದು ಹೋಗಿತ್ತು. ನಿಮಗೆ ನೆನಪಿಲ್ವಾ? ಆ ಬಿಸ್ಲಿಗೆ ಕಲ್ಲು ಕಾವಲಿ ಆಗಿತ್ತು ಮಾರಾಯ್ರೆ. ನಾನು ಹೇಳಿದೆ, ಮಾಷ್ಟ್ರೆ ಚಪ್ಪಲಿ ಹೋಯ್ತು ಅಂತ. ನೀವು ಶ್ ಅಂದ್ರಿ. ಅಲ್ಲಾಡ್ಬೇಡಿ, ಹಾರಿಹೋಗ್ತದೆ ಅಂದ್ರಿ. ಮತ್ತೆ ಒಮ್ಮೆ ಹೇಳಿದೆ, ಕಾಲು ಸುಡ್ತಾ ಉಂಟು ಅಂತ. ಕೈ ಹೀಗೆ ಮಾಡಿದ್ರಿ,’ ಎಂದು ಅವಳು ಅಂಗೈಯನ್ನು ಹಿಂದಕ್ಕೆ ತಳ್ಳಿ ತೋರಿಸಿದಳು, ತರಗತಿಯಲ್ಲಿ ಗದ್ದಲ ಅಡಗಿಸುವ ಅವನದ್ದೇ ಕೈಸನ್ನೆ. ಅವನಿಗೆ ಅದು ನೆನಪಿರಲಿಲ್ಲ. ಅವನ ನೆನಪಿನಲ್ಲಿ ಆ ಹೊಂಡದ ಸುತ್ತ ಒಂದು ಸದ್ದೂ ಇರಲಿಲ್ಲ.

‘ಆಚೆ ಹುಲ್ಲಿನ ಮೇಲೆ ಹೋಗಿ ನಿಲ್ಲಬಹುದಿತ್ತಲ್ಲ ಟೀಚರ್.’

‘ಹೋಗಿದ್ರೆ ಅದು ಹಾರ್ತಿತ್ತು. ನೀವು ಅಲ್ಲಿ ಸಣ್ಣ ಮಕ್ಕಳ ಹಾಗೆ ಮಲಗಿದ್ರಿ, ಮುಖದಲ್ಲಿ ಅಷ್ಟು ಖುಷಿ. ಕೆಡಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಿಂತೆ. ಇಳೀವಾಗ ಗೊತ್ತಾದದ್ದು, ಕಾಲು ನೆಲಕ್ಕೆ ಇಡ್ಲಿಕ್ಕೆ ಆಗ್ತಿಲ್ಲ. ಮರುದಿನ ಅಡಿ ತುಂಬ ಬೊಕ್ಕೆ. ಒಂದು ವಾರ ಎದ್ದು ನಡೀಲಿಲ್ಲ. ಕಾಲು ಸುಟ್ಟಿದೆ ಅಂತ ಬರೆದ್ರೆ ಹೆಡ್ ಮಾಷ್ಟ್ರು ನಗ್ತಾರೆ ಅಂತ ಜ್ವರ ಅಂತ ಬರೆದದ್ದು.’

ಅವನು ಏನೋ ಹೇಳಲು ಬಾಯಿ ತೆರೆದ. ಕೈ ಹಿಡಿದದ್ದನ್ನು ಕೇಳಬೇಕು. ಇಷ್ಟು ವರ್ಷ ಹೊತ್ತ ಆ ಒಂದು ಗಳಿಗೆಯನ್ನು ಅವಳ ಮುಂದಿಟ್ಟು, ಇದಕ್ಕಲ್ಲವೇ ನೀವು ದೂರವಾದದ್ದು ಎಂದು ಕೇಳಬೇಕು. ‘ಆಮೇಲೆ... ನಾನು ಎದ್ದು ನಿಮ್ಮ...’ ಎಂದ. ಅವಳು ಕಾದಳು, ಕಣ್ಣಿನಲ್ಲಿ ಏನೂ ಇರಲಿಲ್ಲ, ಮುಂದಿನ ಮಾತಿಗೆ ಕಾಯುವ ಸರಳ ಕುತೂಹಲವಷ್ಟೇ. ಅವಳಿಗೆ ಅದು ನೆನಪೇ ಇಲ್ಲ ಎಂದು ತಿಳಿಯಿತು. ಮುಖ ಬಿಗಿದದ್ದು ಕೈಗಲ್ಲ, ಕಾಲಿಗೆ. ‘ಆಮೇಲೆ ನಾನು ನೋಡಬೇಕಿತ್ತು,’ ಎಂದ.

‘ಬಿಡಿ, ಹಳೇ ಕಥೆ. ನನಗೆ ಬೇಜಾರಾದದ್ದು ಅದಕ್ಕಲ್ಲ,’ ಎಂದಳು ಲೋಲಾಕ್ಷಿ. ಮೊಬೈಲು ಇನ್ನೂ ಅವಳ ಕೈಯಲ್ಲಿತ್ತು, ಕಣ್ಣು ಆ ಮಸುಕು ಪಾದದ ಮೇಲೆ. ಧ್ವನಿ ತಗ್ಗಿತು. ‘ಮತ್ತೆ ನೀವು ಕರೀಲೇ ಇಲ್ಲ. ಗುಣ ಆಗಿ ಬರುವಾಗ ನಾನು ಮಂಗಳೂರಿಂದ ಕ್ಯಾನ್ವಾಸಿನ ಶೂ ತರಿಸಿದ್ದೆ. ಗಟ್ಟಿಯದ್ದು, ಹತ್ಲಿಕ್ಕೆ ಅಂತಲೇ. ಶನಿವಾರ ಬ್ಯಾಗಲ್ಲಿ ಹಾಕ್ಕೊಂಡು ಬರ್ತಿದ್ದೆ. ನೀವು ಬೆಲ್ ಹೊಡೆದ ಕೂಡ್ಲೇ ಒಬ್ರೇ ಹೋಗಿಬಿಡ್ತಿದ್ರಿ. ನಾನು ಮಾಡಿದ ಚಿತ್ರ ನಿಮಗೆ ಹಿಡಿಸ್ಲಿಲ್ಲವೋ ಏನೋ ಅಂತ ಗ್ರಹಿಸಿದೆ. ನಿಮ್ಮ ಹಾಗೆ ಚುಕ್ಕೆ ಎಲ್ಲ ಸರಿಯಾಗಿ ಬರ್ತಿರ್ಲಿಲ್ಲ ನನಗೆ. ಕೇಳ್ಲಿಕ್ಕೆ ನಾಚಿಕೆ ಆಯ್ತು.’

ಅವನಿಗೆ ಕೂತಲ್ಲಿಂದ ಎದ್ದು ಓಡಬೇಕೆನಿಸಿತು. ಮರ್ಯಾದೆ ಎಂದು ತಾನು ಕೊಟ್ಟದ್ದನ್ನು ಅವಳು ತಿರಸ್ಕಾರವೆಂದು ತೆಗೆದುಕೊಂಡು, ಬ್ಯಾಗಿನಲ್ಲಿ ಶೂ ಹೊತ್ತುಕೊಂಡು ಮನೆಗೆ ಮರಳಿದ್ದಳು, ಒಂದು ಶನಿವಾರವಲ್ಲ. ಅವಳಿಗೆ ಬೇಕಿದ್ದದ್ದು ಕಂದು ಬಣ್ಣದೊಳಗಿನ ತಾಮ್ರ, ಬುತ್ತಿಯ ಊಟ, ನಗು. ಅದರಲ್ಲಿ ಪಾಪವನ್ನು ಹುಡುಕಿ ತೆಗೆದವನು ಇವನು, ಪಾಪಕ್ಕೆ ಶಿಕ್ಷೆಯನ್ನೂ ಇವನೇ ಗೊತ್ತುಮಾಡಿ ಅವಳ ಮೇಲೂ ಹೊರಿಸಿದ್ದ. ಅಷ್ಟು ಶನಿವಾರಗಳು ಸುಮ್ಮನೆ ಹೋದವು. ‘ನಿಮ್ಮ ಚಿತ್ರ ಚೆನ್ನಾಗಿತ್ತು ಟೀಚರ್,’ ಎಂದ. ‘ಬಹಳ ಚೆನ್ನಾಗಿತ್ತು. ನಾನು ಬೇರೆ ಎಂತದೋ ಗ್ರಹಿಸಿ... ನನ್ನದೇ ತಪ್ಪು.’

ಬೇರೆ ಏನು ಎಂದು ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಕೇಳದಿರುವುದರಲ್ಲಿ ಒಂದು ತಿಳಿವಳಿಕೆ ಇತ್ತೋ, ಬರಿಯ ಸೌಜನ್ಯವೋ, ಅವನಿಗೆ ಹೇಳಲು ಬರುವಂತಿರಲಿಲ್ಲ. ‘ಈಗಲಾದ್ರೂ ಹೋಗುವಾ ಅನ್ನಬಹುದಿತ್ತು,’ ಎಂದು ನಕ್ಕಳು, ‘ಮಂಡಿ ಬಿಡುವುದಿಲ್ಲ. ಮೆಟ್ಟಿಲು ಹತ್ಲಿಕ್ಕೇ ಇವರು ಕೈ ಹಿಡೀಬೇಕು. ಪದವು ಉಂಟಾ ಇನ್ನೂ?’

‘ಅರ್ಧ ಉಂಟು.’

‘ಹೊಂಡ?’

‘ಆ ಕಡೆಯದ್ದು ಹೋಯಿತು.’

ವಾಸಪ್ಪ ಕೈ ಒರೆಸಿಕೊಂಡು ಒಳಗೆ ಬಂದ, ಊಟ ಮಾಡದೆ ಬಿಡುವುದಿಲ್ಲ ಎಂದ. ಸುಬ್ಬಲಕ್ಷ್ಮಿ ಕಾಯುತ್ತಾಳೆ ಎಂದು ಇವನು ಎದ್ದ. ಲೋಲಾಕ್ಷಿ ಗೇಟಿನ ತನಕ ಬಂದಳು, ಕಂಬ ಹಿಡಿದು, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ. ಅವನು ಅವಳ ಪಕ್ಕದಲ್ಲೇ ನಿಧಾನವಾಗಿ ನಡೆದ. ಫೋಟೋ ನನಗೂ ಕಳಿಸಿ, ಇಡೀದು, ಕತ್ತರಿಸಬೇಡಿ ಎಂದು ಅವಳು ಹೇಳಿದಳು. ಹೂಂ ಎಂದ.

ಸರ್ವಿಸ್ ರಸ್ತೆಯ ಬದಿಯಲ್ಲಿ ನಾಲ್ಕೈದು ಜನ ಬಸ್ಸಿಗೆ ಕಾಯುತ್ತಿದ್ದರು. ನೆರಳಿರಲಿಲ್ಲ. ಮೇಲಿನ ಹೈವೇಯಲ್ಲಿ ಲಾರಿಗಳು ಮಂಗಳೂರಿನ ಕಡೆಗೆ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಗಣೇಶಪ್ರಸಾದ ಮೋಕ್ಷಿತಾಳಿಗೆ ಫೋನು ಮಾಡಿದ. ಒಂದೇ ರಿಂಗಿಗೆ ಎತ್ತಿದಳು. ಬೆಳಗಿನಿಂದ ಹೆದರಿ ಕೂತಿದ್ದಳೇನೋ. ‘ಸರ್, ಬೇಜಾರಾಯ್ತಾ?’ ಎಂದು ಶುರುಮಾಡಿದಳು.

‘ಇಲ್ಲ ಮಗ. ನೀನು ನೋಡಿದ್ದು ಸರಿ. ಸ್ಮಾಲ್ ಬ್ರಾಂಡೆಡ್ ಸ್ವಿಫ್ಟೇ. ನಾನು ಎಳೆದದ್ದು ಓರೆ ರೆಕ್ಕೆಯ ಮೇಲೆ. ಹೆಸರು ಬದಲಿಸು. ಲೋಲಾಕ್ಷಿ ಟೀಚರ್ ಒಪ್ಪಿದ್ದಾರೆ.’

ಅವಳು ನಿಟ್ಟುಸಿರಿಟ್ಟದ್ದು ಕೇಳಿಸಿತು. ದಾಖಲೆ ಅಳಿಸಿಹೋಗುವುದಿಲ್ಲ ಸರ್, ಸ್ಮಾಲ್ ಬ್ರಾಂಡೆಡ್‌ನ ಪಟ್ಟಿಗೆ ಸೇರ್ತದೆ, ಅಲ್ಲಿ ಬೇಕಾದಷ್ಟು ಉಂಟು, ಅದರೊಟ್ಟಿಗೆ ನಿಮ್ಮದೂ ಒಂದು, ಇಬ್ಬರ ಹೆಸರೂ ಹಾಗೇ ಇರ್ತದೆ ಎಂದು ಸಮಾಧಾನ ಹೇಳಿದಳು. ಬೆಳಿಗ್ಗೆ ಈ ಮಾತು ಕೇಳಿದ್ದರೆ ಅವನಿಗೆ ಜೀವ ಬಂದಂತಾಗುತ್ತಿತ್ತು. ಇಬ್ಬರ ಹೆಸರೂ ಹಾಗೇ ಇರುತ್ತದೆ. ಬಸ್ಸು ದೂರದಲ್ಲಿ ಕಾಣಿಸಿತು, ಜನ ಮುಂದೆ ನುಗ್ಗಿದರು.

‘ಕಂಡವರು ಅನ್ನುವಲ್ಲಿ ನನ್ನ ಹೆಸರು ತೆಗಿ,’ ಎಂದ.

‘ಎಂತಕ್ಕೆ ಸರ್? ನೀವೂ ಅಲ್ಲೇ ಇದ್ರಲ್ಲ?’

‘ಇದ್ದೆ,’ ಎಂದ ಗಣೇಶಪ್ರಸಾದ. ‘ಕಂಡದ್ದು ಅವರು. ಅವರ ಒಬ್ಬರ ಹೆಸರು ಸಾಕು.’